ಹೆಸರೂಟ

ಆ ಊರಿನಲ್ಲಿ ಹೆಸರಿದ್ದದ್ದು ಉಂಟು, ಹೆಸರಿಲ್ಲದ್ದು ಇಲ್ಲ. ಊರು ಎಲ್ಲಿತ್ತು ಎಂದು ಕೇಳಬೇಡಿ. ಕೇಳುತ್ತ ಹೋದವರಿಗೆಲ್ಲ ಪ್ರತಿ ಊರಿನವರೂ ಪಕ್ಕದ ಊರನ್ನೇ ತೋರಿಸಿದ್ದಾರೆ.

ಊರ ನಡುವೆ ಒಂದು ಚಾವಡಿ. ಚಾವಡಿಯ ತೊಲೆಗೆ ಒಂದು ತೊಟ್ಟಿಲು. ತೊಟ್ಟಿಲ ಪಕ್ಕದಲ್ಲಿ ಯಜಮಾನರು ಕೂರುವ ಜಗಲಿ. ಯಾರಿಗೆ ಏನು ಅನ್ಯಾಯವಾದರೂ ಆ ಜಗಲಿಯ ಮುಂದೆ ಬಂದು ನಿಲ್ಲಬೇಕು. ನಿಂತವರನ್ನು ಯಜಮಾನರು ಕೇಳುವ ಪ್ರಶ್ನೆ ಒಂದೇ: “ಏನು ಅದರ ಹೆಸರು?” ಕಳವು ಎಂದರೆ ಕಳವಿಗೆ ತಕ್ಕ ನ್ಯಾಯ. ಹೊಡೆತ ಎಂದರೆ ಹೊಡೆತಕ್ಕೆ ತಕ್ಕ ನ್ಯಾಯ. ಹೆಸರು ಹೇಳಲಾಗದವರು ತಂದ ದುಃಖವನ್ನು ತಂದ ಹಾಗೆಯೇ ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ಹೋಗಬೇಕು. ಹಾಗೆ ಹೋದವರಲ್ಲಿ ಹೆಚ್ಚಿನವರು ಸೆರಗಿದ್ದವರು.

ಹೊಸ ಮಾತು ಬೇಕೆಂದರೆ ಅದಕ್ಕೂ ದಾರಿ ಇತ್ತು. ತೊಟ್ಟಿಲಲ್ಲಿ ಒಂದು ಗುಂಡುಕಲ್ಲು ಮಲಗಿಸಿ, ಅದಕ್ಕೆ ಕುಲಾವಿ ತೊಡಿಸಿ, ಮಗುವಿಗೆ ಹೆಸರಿಡುವ ಹಾಗೆ ಆ ಮಾತನ್ನು ಕಲ್ಲಿನ ಕಿವಿಯಲ್ಲಿ ಊದಬೇಕು. ಊದುವವನು ಗಂಡಸಾಗಿರಬೇಕು, ಮಕ್ಕಳ ತಂದೆಯಾಗಿರಬೇಕು. “ಈ ಮಾತು ನನ್ನದು” ಎಂದು ಅಂಥವನೊಬ್ಬ ಒಪ್ಪಿಕೊಳ್ಳದೆ ಆ ಊರಿನಲ್ಲಿ ಯಾವ ಮಾತೂ ಹುಟ್ಟುವ ಹಾಗಿರಲಿಲ್ಲ. ಬೇಲಿ, ಗಡಿ, ಕಾವಲು, ಮರ್ಯಾದೆ, ಎಲ್ಲವೂ ಹೀಗೇ ತೊಟ್ಟಿಲಿನಿಂದ ಇಳಿದು ಬೀದಿಗೆ ಬಂದವು. ಅವುಗಳನ್ನು ಹೆತ್ತವಳು ಯಾರು ಎಂದು ಒಬ್ಬರೂ ವಿಚಾರಿಸಲಿಲ್ಲ.

ಆ ಊರಿನ ಇನ್ನೊಂದು ನಡವಳಿಕೆ ಹೆಸರೂಟ. ಹುಡುಗಿಗೆ ಗಂಡು ಗೊತ್ತಾದರೆ ಕಂಚಿನ ಹರಿವಾಣದಲ್ಲಿ ಹೊಸ ಅಕ್ಕಿ ಹರಡುತ್ತಾರೆ. ಅವಳ ಅಪ್ಪ ಅರಿಶಿನದ ಕೊಂಬಿನಿಂದ ಆ ಅಕ್ಕಿಯ ಮೇಲೆ ಅವಳ ಹೆಸರು ಬರೆಯುತ್ತಾನೆ. ಅಕ್ಕಿ ಒಲೆಗೆ ಹೋಗುತ್ತದೆ, ಅನ್ನವಾಗುತ್ತದೆ. ಗಂಡಿನ ಕಡೆಯ ಗಂಡಸರೆಲ್ಲ ಸಾಲಾಗಿ ಕೂರುತ್ತಾರೆ, ಹುಡುಗಿಯೇ ಬಡಿಸುತ್ತಾಳೆ, ಅವರು ಉಣ್ಣುತ್ತಾರೆ. ಕೊನೆಯವನು ಕೈ ತೊಳೆಯುವ ಹೊತ್ತಿಗೆ ಆ ಹೆಸರು ಊರಿನ ಯಾರ ಬಾಯಲ್ಲೂ ಇರುವುದಿಲ್ಲ. ಹೆತ್ತವಳ ಬಾಯಲ್ಲೂ ಇಲ್ಲ, ಬರೆದವನ ಕೈಯಲ್ಲೂ ಇಲ್ಲ. ಅಲ್ಲಿಂದ ಮುಂದೆ ಅವಳು ಕೆಂಪು ಬಾಗಿಲಿನವಳು, ಇಲ್ಲವೇ ಬಾವಿ ಮನೆಯವಳು. ಉಂಡವರು “ಏಳು” ಅಂದರೆ ಕಾಲು ತಾನಾಗಿ ಏಳುತ್ತದೆ, “ಕೂರು” ಅಂದರೆ ತಾನಾಗಿ ಕೂರುತ್ತದೆ.

ಆದರೆ ಗಂಡಸರು ಉಣ್ಣುವಾಗ ಅಚ್ಚುಕಟ್ಟಿಲ್ಲ. ಎಲೆಯ ಅಂಚಿನಲ್ಲಿ ನಾಲ್ಕು ಅಗುಳು ಬಿಟ್ಟೇ ಏಳುತ್ತಾರೆ. ಎಂಜಲೆಲೆ ತೆಗೆಯುವವಳೂ ಅದೇ ಹುಡುಗಿ. ಯಾರೂ ನೋಡದಾಗ ಅವಳು ಆ ಅಗುಳುಗಳನ್ನು ಬಳಿದು ಬಾಯಿಗೆ ಹಾಕಿಕೊಳ್ಳುತ್ತಾಳೆ. ಆ ಊರಿನ ಹೆಂಗಸರಿಗೆ ಒಂದಿಷ್ಟು ಸ್ವಂತ ಮನಸ್ಸು ಅಂತ ಉಳಿದಿದ್ದರೆ ಅದು ಆ ಎಂಜಲಿನ ಪುಣ್ಯ. ಸಿಟ್ಟು, ನಗು, ಕದ್ದು ಅಳುವುದು, ಎಲ್ಲವೂ ಅಷ್ಟರಲ್ಲೇ.

ಹೆಸರೂಟದ ಅಕ್ಕಿಯಲ್ಲಿ ಕಲ್ಲು ಇರಬಾರದು. ಕಲ್ಲು ಆರಿಸುವುದಕ್ಕೆಂದೇ ಊರಿನಲ್ಲಿ ಒಬ್ಬಳಿದ್ದಳು. ಅಕ್ಕಿಯವಳು ಎಂದೇ ಅವಳನ್ನು ಕರೆಯುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಮೊರ ಮುಂದಿಟ್ಟುಕೊಂಡು, ಬಗ್ಗಿದ ಬೆನ್ನು ಬಗ್ಗಿದ ಹಾಗೇ, ಊರ ಹೆಣ್ಣುಮಕ್ಕಳ ಹೆಸರುಗಳು ಗಂಡಸರ ಹಲ್ಲಿಗೆ ಸಿಕ್ಕಿ ನೋವಾಗದಿರಲಿ ಎಂದು ಅವಳು ಕಲ್ಲು ಆರಿಸುತ್ತಿದ್ದಳು. ತಾನು ಮಾಡುತ್ತಿರುವುದು ಏನು ಎಂದು ಅವಳು ಯೋಚಿಸಿರಲಿಲ್ಲ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎನ್ನುತ್ತಾರಲ್ಲ, ಆ ಊರಿನಲ್ಲಿ ಮಸಾಲೆಯನ್ನೂ ಕೋಳಿಯೇ ಅರೆಯುತ್ತಿತ್ತು.

ಅಕ್ಕಿಯವಳಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳ ಹೆಸರೂಟ ಆಗಿಹೋಗಿತ್ತು. ಅದರ ಮಾರನೆಯ ಬೆಳಿಗ್ಗೆ ಅಕ್ಕಿಯವಳು ಎಂದಿನಂತೆ ಹಿತ್ತಿಲ ಬಾಗಿಲಲ್ಲಿ ನಿಂತು ದೊಡ್ಡ ಮಗಳನ್ನು ಕರೆಯಲು ಬಾಯಿ ತೆರೆದಳು. ಬಾಯಿ ತೆರೆದದ್ದು ತೆರೆದೇ ಇತ್ತು. ಹತ್ತಿರದ್ದು, ನಾಲಗೆಯ ತುದಿಯದ್ದು, ಹಾಲುಗಲ್ಲದ ದಿನಗಳಿಂದ ಕರೆದದ್ದು, ಬರಲಿಲ್ಲ. ಅವಳು ಹಿತ್ತಿಲಲ್ಲೇ ಕುಸಿದು ಕೂತಳು. ತನ್ನ ಹೆಸರು ಹೋದಾಗ ಇಷ್ಟು ನೋವಾಗಿರಲಿಲ್ಲ.

ಚಿಕ್ಕವಳು ಬೇರೆ ಜಾತಿಯ ಪ್ರಾಣಿ. ಮಾತಿನ ಮಲ್ಲಿ. ಕುಂಟುವ ಕೋಳಿಗೆ, ಸೋರುವ ಕೊಡಕ್ಕೆ, ಗೊರಕೆ ಹೊಡೆಯುವ ಅಪ್ಪನ ಹೊಟ್ಟೆಗೆ, ಕಂಡದ್ದಕ್ಕೆಲ್ಲ ಹೆಸರಿಡುತ್ತಿದ್ದಳು. ತೊಟ್ಟಿಲಿಗೆ ಹಾಕದ ಹೆಸರುಗಳು ಅವು, ಹೊಸ್ತಿಲು ದಾಟಿದರೆ ಬೆಲೆಯಿಲ್ಲ. ಆದರೂ ಮನೆಯೊಳಗೆ ಅವಳ ಮಾತಿನಿಂದ ಬೆಳಕಿತ್ತು. ಅವಳ ಸ್ವಂತ ಹೆಸರು ಏನಿತ್ತು ಎಂದರೆ, ಹೇಳಲಾರೆ. ಈ ಕಥೆ ನಡೆದುಹೋದ ಮೇಲೆ ಹೇಳುತ್ತಿರುವುದು. ಆ ಹೆಸರು ಈಗ ಒಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ.

ಚಿಕ್ಕವಳಿಗೂ ಗಂಡು ಗೊತ್ತಾಯಿತು. ಆ ಸಂಜೆ ಅಕ್ಕಿಯವಳು ಮೊರ ಪಕ್ಕಕ್ಕಿಟ್ಟು, ಸೆರಗು ಬಿಗಿದು, ಚಾವಡಿಗೆ ಹೋದಳು.

“ಯಜಮಾನ್ರೇ, ಒಂದು ದೂರು.”

“ಹೇಳಮ್ಮ. ಏನು ಅದರ ಹೆಸರು?”

“ನನ್ನ ದೊಡ್ಡ ಮಗಳ ಹೆಸರು ಹೋಯ್ತು. ಈಗ ಚಿಕ್ಕವಳದ್ದೂ ಹೋಗುತ್ತೆ.”

ಯಜಮಾನರು ಒಳ್ಳೆಯವರೇ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವರು. “ಕಳವಾಯ್ತು ಅಂತೀಯಾ? ಕದ್ದೋರು ಯಾರು? ಅಕ್ಕಿ ಆರಿಸಿದ್ದು ನೀನು, ಬರೆದದ್ದು ನಿನ್ನ ಗಂಡ, ಬಡಿಸಿದ್ದು ನಿನ್ನ ಮಗಳು. ಕೊಲೆ ಅಂತೀಯಾ? ಮಗಳು ಚೆನ್ನಾಗೇ ಓಡಾಡಿಕೊಂಡವ್ಳೆ. ಬಡತನ ಅಂತೀಯಾ? ಎಲ್ಲರೂ ಹೊಟ್ಟೆ ತುಂಬ ಉಂಡವ್ರೆ. ಮತ್ತೇನಮ್ಮ ಅದು?”

“ಅದೇ ನನಗೂ ಗೊತ್ತಾಗ್ತಿಲ್ಲ.”

“ಗೊತ್ತಾದಾಗ ಬಾ. ಹೆಸರಿಲ್ಲದ್ದರ ಮೇಲೆ ನ್ಯಾಯ ಹೇಳೋದು ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ.”

ಸುತ್ತ ಕೂತಿದ್ದವರು ನಕ್ಕರು. ಅಕ್ಕಿಯವಳು ದುಃಖವನ್ನು ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ಬಂದಳು.

ಮರುದಿನ ಅಕ್ಕಿಯವಳ ಅಂಗಳದಲ್ಲಿ, ಅಕ್ಕಿ ಆರಿಸುವ ನೆವದಲ್ಲಿ, ಹೆಂಗಸರೆಲ್ಲ ಕೂಡಿದರು. ಒಬ್ಬಳು ಹಣೆಬರಹ ಅನ್ನು ಎಂದಳು. ಹಣೆಬರಹದ ಮೇಲೆ ದೂರು ಕೊಟ್ಟರೆ ದೇವರನ್ನೇ ಚಾವಡಿಗೆ ಕರೆಸಬೇಕಾಗುತ್ತದೆ, ಬೇಡ. ಒಬ್ಬಳು ಪದ್ಧತಿ ಅನ್ನು ಎಂದಳು. ಪದ್ಧತಿ ಯಜಮಾನರ ಮುತ್ತಜ್ಜ ತೊಟ್ಟಿಲಿಗೆ ಹಾಕಿದ ಮಾತು, ಆ ಮಾತು ಯಾವತ್ತೂ ಅವರ ಕಡೆಗೇ ಸಾಕ್ಷಿ ಹೇಳುತ್ತದೆ. ಒಬ್ಬಳು ಸಂಕಟ ಅನ್ನು ಎಂದಳು. ಸಂಕಟಕ್ಕೆ ಮದ್ದು ಕೊಡುತ್ತಾರೆ, ನ್ಯಾಯ ಕೊಡುವುದಿಲ್ಲ. ಹಳೆಯ ಮಾತುಗಳೆಲ್ಲ ಹೀಗೇ. ಎತ್ತಿ ನೋಡಿದರೆ ಅಡಿಯಲ್ಲಿ ಯಾರೋ ಒಬ್ಬ ಅಪ್ಪನ ಗುರುತು ಇದ್ದೇ ಇರುತ್ತಿತ್ತು.

ಚಿಕ್ಕವಳು ಕಂಬಕ್ಕೆ ಒರಗಿ ಹುರಿಗಡಲೆ ಮೆಲ್ಲುತ್ತಿದ್ದಳು. “ಏನ್ ಇಷ್ಟೊಂದು ತಲೆ ಕೆಡಿಸ್ಕೊಂಡಿದ್ದೀರಿ? ಈ ಊರಲ್ಲಿ ಆಳೋರು ಯಾರು?”

“ಯಾರೇ? ಗಂಡಸರು.”

“ಹಂಗಾದ್ರೆ ಅದು ಗಂಡಾಳಿಕೆ. ಅಷ್ಟೇ ತಾನೆ?”

ಮೊರದಲ್ಲಿದ್ದ ಕೈಗಳು ಮೊರದಲ್ಲೇ ನಿಂತವು. ಅಷ್ಟು ಸುಲಭವಾಗಿತ್ತು ಆ ಮಾತು, ಯಾರು ಬೇಕಾದರೂ ಹೇಳಬಹುದಾಗಿದ್ದದ್ದು. ಒಬ್ಬ ಮುದುಕಿ ಅದನ್ನು ತುಟಿಯ ಒಳಗೇ ಒಮ್ಮೆ ಹೇಳಿ ನೋಡಿದಳು. ಗಂಡಾಳಿಕೆ. ಹೇಳಿದವಳೇ ಹೊದ್ದ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಅವಳು ಎಷ್ಟೋ ವರ್ಷಗಳಿಂದ ಏನೋ ಕಾಯಿಲೆ ಎಂದು ಕಷಾಯ ಕುಡಿಯುತ್ತಿದ್ದವಳು.

ಮಾತು ಸಿಕ್ಕಿತು, ಅದಕ್ಕೆ ಅಪ್ಪ ಬೇಕಲ್ಲ. ಅಕ್ಕಿಯವಳು ಮನೆ ಮನೆ ಅಲೆದಳು. ಕೆಲವರು ಬೈದರು. ಕೆಲವರು ಅಯ್ಯೋ ಪಾಪ ಎಂದರು, ಎಂದು ಬಾಗಿಲು ಹಾಕಿಕೊಂಡರು. ಒಬ್ಬ ಮಾತ್ರ ನಿಜ ಹೇಳಿದ: “ಕಿವಿಯಲ್ಲಿ ಊದಿದ್ರೆ ಆ ಕೂಸು ನನ್ನದೇ ಅಂತ ಒಪ್ಪಿಕೊಂಡ ಹಾಗಾಯ್ತಲ್ಲಮ್ಮ. ಅದು ನನ್ನದೇ ಅಂತ ನನಗೂ ಗೊತ್ತು. ಗೊತ್ತಿರೋದು ಬೇರೆ, ಒಪ್ಪೋದು ಬೇರೆ.”

ಕೊನೆಗೆ ಅವಳು ತನ್ನ ಗಂಡನ ಮುಂದೆ ನಿಂತಳು. ಅವನು ಸಾಧು. ಅವಳ ಹೆಸರನ್ನು ಉಂಡ ಸಾಲಿನಲ್ಲಿ ಅವನೂ ಇದ್ದ. ಆದರೆ ಆಮೇಲೆ ಅವಳ ಮೇಲೆ ದರ್ಪ ಮಾಡಿದವನಲ್ಲ, ಮಾಡುವ ಅಗತ್ಯವೂ ಬಿದ್ದಿರಲಿಲ್ಲ.

“ಏನಂದ್ರೆ, ನೀವು ಊದ್ತೀರಾ?”

“ನಾನೇನ್ ಮಾಡ್ದೆ?” ಅವನಿಗೆ ನಿಜವಾಗಿಯೂ ನೋವಾಯಿತು. “ಎಲ್ಲರೂ ಕೂತ್ರು, ನಾನೂ ಕೂತೆ. ಬಡಿಸಿದ್ರು, ಉಂಡೆ.”

ಚಿಕ್ಕವಳು ಅವನ ಪಕ್ಕದಲ್ಲಿ ಬಂದು ಕೂತಳು. “ಅಪ್ಪ, ನಾನು ಹುಟ್ಟಿದಾಗ ನನ್ನ ಕಿವೀಲಿ ಹೆಸರು ಊದಿದ್ದು ನೀನೇ ಅಲ್ವಾ?”

“ನಾನೇ ಕಣವ್ವ. ಊದ್ದಾಗ ನೀನು ನಕ್ಕೆ.”

“ನಾಡಿದ್ದು ಅಕ್ಕಿ ಮೇಲೆ ಬರೆಯೋನೂ ನೀನೇ. ಬರೆದು ಮನೆಗೆ ಬಂದ್ಮೇಲೆ ನಾನು ನಕ್ಕಿದ್ದು ನೆನಪಿರುತ್ತೆ, ಯಾತಕ್ಕೆ ನಕ್ಕೆ ಅಂತ ನೆನಪಿರಲ್ಲ.”

ಅಪ್ಪ ತನ್ನ ಅಂಗೈ ನೋಡಿಕೊಂಡ. ಆಮೇಲೆ “ಊದ್ತೀನಿ” ಎಂದ. ಆ ಊರಿನ ಗಂಡಸೊಬ್ಬ ಅಂಥ ಕೂಸನ್ನು ತನ್ನದೆಂದು ಒಪ್ಪಿದ್ದು ಅದೇ ಮೊದಲು, ಅದಕ್ಕಾಗಿ ಅವನನ್ನು ಮೆಚ್ಚಲೇಬೇಕು.

ಹೆಸರೂಟದ ದಿನವೇ ತೊಟ್ಟಿಲನ್ನೂ ತೂಗೋಣ ಎಂದು ಯಜಮಾನರು ಅಪ್ಪಣೆ ಕೊಟ್ಟರು. ಮಗುವನ್ನು ಚಿವುಟುವವರೂ ಅವರೇ, ತೊಟ್ಟಿಲು ತೂಗುವವರೂ ಅವರೇ. ಒಂದು ಕಡೆ ಒಲೆ ಉರಿಯುತ್ತಿತ್ತು. ಒಂದು ಕಡೆ ಗುಂಡುಕಲ್ಲು ಕುಲಾವಿ ತೊಟ್ಟು ಮಲಗಿತ್ತು. ಗಂಡಿನ ಕಡೆಯವರು ಸಾಲಾಗಿ ಕೂತಿದ್ದರು. ಊರಿನ ಹೆಂಗಸರೆಲ್ಲ ಚಾವಡಿಯ ಕೆಳಗೆ, ಬಿಸಿಲಲ್ಲಿ, ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದರು. ಹರಿವಾಣದಲ್ಲಿ ಹೆಸರು ಬರೆದಾಯಿತು. ಅಕ್ಕಿ ಒಲೆಗೆ ಹೋಯಿತು. ಅಪ್ಪ ತೊಟ್ಟಿಲ ಬಳಿ ಬಂದು, ಕಲ್ಲಿನ ಕಡೆ ಬಗ್ಗಿದ.

“ತಡಿಯಪ್ಪ,” ಎಂದರು ಯಜಮಾನರು. “ಹೆಸರು ಅಂದ್ಮೇಲೆ ಅರ್ಥ ಇರಬೇಕು. ಏನಮ್ಮ, ಗಂಡಾಳಿಕೆ ಅಂದ್ರೆ ಏನು?”

ಅಕ್ಕಿಯವಳು ಎಷ್ಟೋ ದಿನದಿಂದ ಒಳಗೊಳಗೇ ಹೇಳಿಕೊಂಡದ್ದನ್ನು ಹೇಳಿದಳು. “ಗಂಡಸರು ಹೆಣ್ಣುಮಕ್ಕಳ ಹೆಸರು ಉಣ್ಣೋದು.”

“ಅಷ್ಟೇನಾ?”

“ಅಷ್ಟೇ.”

“ಹಂಗಾದ್ರೆ ಗಂಡಸರ ಬದಲು ಒಬ್ಬ ಹೆಂಗಸು ಕೂತು ಉಂಡಳು ಅನ್ನು. ಆಗ ಅದು ಗಂಡಾಳಿಕೆ ಆಗುತ್ತಾ?”

ಯಜಮಾನರು ಜಗಲಿಯಿಂದ ಇಳಿದು ಬಂದರು. ಅವರು ಹಾಗೆ ಇಳಿದು ಬಂದದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ.

“ನಾನು ಯಾರಿಗೂ ಅನ್ಯಾಯ ಮಾಡೋನಲ್ಲ. ಎರಡು ದಾರಿ ಇಡ್ತೀನಿ, ನೋಡು. ನಿನ್ನ ಗಂಡ ಊದಲಿ. ನಾಳೆಯಿಂದ ಆ ಹೆಸರಿನ ಮೇಲೆ ಬಂದ ದೂರು ಕೇಳ್ತೀನಿ, ನ್ಯಾಯ ಹೇಳ್ತೀನಿ. ಆದರೆ ಇವತ್ತಿನ ಅನ್ನ ಒಲೆ ಮೇಲಿದೆ, ಅದು ಇವರದ್ದು. ಇಲ್ಲವಾ, ಆ ಎಲೆಗೆ ನೀನೇ ಕೂತ್ಕೋ. ನಿನ್ನ ಮಗಳ ಹೆಸರು ನೀನೇ ಉಣ್ಣು, ನಾವ್ಯಾರೂ ಮುಟ್ಟಲ್ಲ. ಹುಡುಗಿ ನಿನ್ನ ಮನೇಲೇ ಇರಲಿ. ಆದರೆ ಹೆಂಗಸೂ ಉಂಡ್ಮೇಲೆ ಆ ಮಾತಿಗೆ ಅರ್ಥ ಇಲ್ಲ. ಅರ್ಥ ಇಲ್ಲದ ಮಾತಿಗೆ ತೊಟ್ಟಿಲೂ ಇಲ್ಲ.”

ಬಿಸಿಲಲ್ಲಿ ನಿಂತ ಹೆಂಗಸರು ಅಕ್ಕಿಯವಳನ್ನೇ ನೋಡಿದರು. ಅವರ ಮನೆಗಳಲ್ಲೂ ಹೆಣ್ಣುಮಕ್ಕಳಿದ್ದರು, ಕೆಲವು ತೊಟ್ಟಿಲಲ್ಲಿದ್ದವು, ಕೆಲವು ಹೊಟ್ಟೆಯಲ್ಲಿದ್ದವು. ಅಕ್ಕಿಯವಳು ಅವರ ಕಡೆ ನೋಡಿದಳು. ಆಮೇಲೆ ಹಬೆಯಾಡುವ ಅನ್ನದ ಕಡೆ ನೋಡಿದಳು. ಹಿತ್ತಿಲ ಬಾಗಿಲಲ್ಲಿ ತೆರೆದ ಬಾಯಿ ತೆರೆದ ಹಾಗೇ ನಿಂತ ಆ ಬೆಳಿಗ್ಗೆ ಇನ್ನೊಮ್ಮೆ ಬಂದರೆ ತಾನು ಬದುಕುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಅಷ್ಟು ಜನ ಹಂಚಿಕೊಂಡರೆ ಹೆಸರು ಚೂರುಚೂರಾಗಿ ಹೋಗುತ್ತದೆ, ನಾನೊಬ್ಬಳೇ ಉಂಡರೆ ಇಡಿಯಾಗಿ ನನ್ನಲ್ಲೇ ಇರುತ್ತದೆ. ನನ್ನಲ್ಲಿದ್ದರೆ ಮಗಳಲ್ಲೇ ಇದ್ದ ಹಾಗೆ. ಹೀಗೆ ಲೆಕ್ಕ ಹಾಕಿದಳು, ತಾಯಿಯಾದವಳು ಹಾಕುವ ಲೆಕ್ಕ.

ಚಿಕ್ಕವಳು ಅನ್ನದ ಚಟ್ಟಿ ಕೆಳಗಿಟ್ಟು ಓಡಿ ಬಂದಳು. “ಬೇಡ ಅವ್ವ. ಅಪ್ಪ ಊದ್ಲಿ. ನನ್ನದೊಂದು ಹೋದ್ರೆ ಹೋಗ್ಲಿ, ನಾಳೆ ಹುಟ್ಟೋರದ್ದು ಉಳೀಲಿ. ಅಗುಳು ಬಳಕೊಂಡು ನಾನೂ ಎಲ್ಲರ ಹಂಗೇ ಬದುಕ್ತೀನಿ.”

“ನೀನು ಸುಮ್ನಿರು.”

“ಅವ್ವ, ಅದು ನನ್ನ ಹೆಸರು. ಏನ್ ಮಾಡ್ಬೇಕು ಅಂತ ನಾನು ಹೇಳ್ತಿದ್ದೀನಿ, ಕೇಳು.”

“ನಿನಗೇನು ಗೊತ್ತಾಗುತ್ತೆ?” ಅಕ್ಕಿಯವಳ ದನಿ ಏರಿತು. “ಎಲ್ಲ ನಿನ್ನ ಒಳ್ಳೇದಕ್ಕೇ.”

ಆ ವಾಕ್ಯ ಚಾವಡಿಗೆ ಹೊಸದಲ್ಲ. ಅಲ್ಲಿನ ತೊಲೆಗಳೆಲ್ಲ ಅದನ್ನು ಕೇಳಿ ಕೇಳಿಯೇ ಕಪ್ಪಾಗಿದ್ದವು. ಯಜಮಾನರು ಪರಿಚಯದವರನ್ನು ಕಂಡ ಹಾಗೆ ತಲೆದೂಗಿದರು. ಎಲೆಯ ಮುಂದೆ ಕೂತಿದ್ದ ಗಂಡಸರು ಒಬ್ಬೊಬ್ಬರಾಗಿ ಎದ್ದು ಜಾಗ ಬಿಟ್ಟರು. ಅಪ್ಪ ತೊಟ್ಟಿಲಿನಿಂದ ಹಿಂದೆ ಸರಿದ. ಅವನ ಮುಖದಲ್ಲಿ ದುಃಖವೂ ಇತ್ತು, ಸದ್ಯ ಬದುಕಿಕೊಂಡೆ ಎಂಬ ಭಾವವೂ ಇತ್ತು. ಯಾವುದು ಎಷ್ಟು ಎಂದು ನನಗೆ ತಿಳಿಯದು.

ಅಕ್ಕಿಯವಳು ಗಂಡಸರ ಸಾಲಿನಲ್ಲಿ ಒಬ್ಬಳೇ ಕೂತಳು. ಮಗಳು ಬಡಿಸಿದಳು. ತಾಯಿ ಉಂಡಳು. ಮಗಳು ಬಡಿಸಿದಳು. ತಾಯಿ ಉಂಡಳು. ಪ್ರತಿ ತುತ್ತಿಗೂ ಮಗಳ ಮುಖದಿಂದ ಏನೋ ಒಂದು ಇಳಿದುಹೋಗುತ್ತಿತ್ತು. ತಾಯಿ ಅದನ್ನು ನೋಡಲಿಲ್ಲ. ಅವಳ ಕಣ್ಣೆಲ್ಲ ಎಲೆಯ ಮೇಲೆ. ಒಂದು ಅಗುಳು ಬಿಟ್ಟರೂ ಅದು ಯಾರ ಬಾಯಿಗೆ ಬೀಳುತ್ತದೋ ಎಂಬ ಭಯ ಅವಳಿಗೆ. ಸಾಲಾಗಿ ಕೂತ ಗಂಡಸರು ಹಂಚಿಕೊಂಡು, ಚೆಲ್ಲಿಕೊಂಡು, ಬೇಕಾಬಿಟ್ಟಿ ಉಣ್ಣುತ್ತಿದ್ದದ್ದನ್ನು ಅವಳೊಬ್ಬಳೇ, ಪ್ರೀತಿಯಿಂದ, ಚಟ್ಟಿಯ ತಳಕ್ಕೆ ಹತ್ತಿದ ಸೀಕು ಕೂಡ ಬಿಡದೆ ಉಂಡಳು. ಕೊನೆಗೆ ಬೆರಳಿನಿಂದ ಎಲೆ ಬಳಿದಳು. ಮಗಳು ಎಲೆ ತೆಗೆಯಲು ಬಗ್ಗಿದಾಗ ಅದು ತೊಳೆದಿಟ್ಟ ಹಾಗಿತ್ತು.

ಗುಂಡುಕಲ್ಲಿನ ಕುಲಾವಿ ಬಿಚ್ಚಿದರು. ಕಲ್ಲನ್ನು ಒರಳಿಗೆ ಹಾಕಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡದೆ ಮನೆಗೆ ಹೋದರು.

ಮನೆಗೆ ಬಂದು ಅಕ್ಕಿಯವಳು ಹಿತ್ತಿಲ ಬಾಗಿಲಲ್ಲಿ ನಿಂತು ಮಗಳ ಹೆಸರು ಹಿಡಿದು ಕರೆದಳು. ಹೆಸರು ಬಂತು, ಸ್ಪಷ್ಟವಾಗಿ, ಪೂರ್ತಿಯಾಗಿ. ಸಂತೋಷಕ್ಕೆ ಅವಳ ಕಣ್ಣು ತುಂಬಿತು. ಬಾವಿಯ ಬಳಿ ನಿಂತಿದ್ದ ಮಗಳು ತಿರುಗಲಿಲ್ಲ. ಇನ್ನೊಮ್ಮೆ ಕರೆದಳು.

“ಯಾರನ್ನ ಕರೀತಿದ್ದೀರಿ?” ಮಗಳು ಕೇಳಿದಳು. “ಹೆಸರು ಚೆನ್ನಾಗಿದೆ.”

“ನಿನ್ನನ್ನೇ ಕಣೇ. ಇಲ್ಲಿ ಬಾ.”

ಮಗಳು ಬಂದಳು. ನಿಲ್ಲು ಎಂದರೆ ನಿಂತಳು. ಊಟ ಮಾಡು ಎಂದರೆ ಊಟ ಮಾಡಿದಳು, ಸಾಕು ಎನ್ನುವವರೆಗೆ ಮಾಡುತ್ತಲೇ ಇದ್ದಳು. ಕುಂಟುವ ಕೋಳಿ ಅವಳ ಕಾಲ ಬಳಿ ಸುಳಿಯಿತು. ಅದಕ್ಕೆ ಏನು ಹೆಸರಿಟ್ಟಿದ್ದೆ ಎಂದು ತಾಯಿ ಕೇಳಿದಳು. “ಕೋಳಿ” ಎಂದಳು ಮಗಳು. ಮನೆಯೊಳಗೆ ಇಷ್ಟು ನಿಶ್ಶಬ್ದ ಇರಬಹುದೆಂದು ಅಕ್ಕಿಯವಳಿಗೆ ಗೊತ್ತಿರಲಿಲ್ಲ. ಗಂಟಲಿಗೆ ಬೆರಳು ಹಾಕಿ ಅನ್ನವನ್ನು ಹೊರಗೆ ತರಲು ನೋಡಿದಳು. ಉಂಡದ್ದು ಹೊಟ್ಟೆಯಲ್ಲಿ ಅನ್ನವಾಗಿ ಉಳಿದಿದ್ದರೆ ತಾನೆ!

“ನಿನಗೆ ಇಷ್ಟ ಬಂದ ಹಾಗೆ ಇರೇ,” ಎಂದು ಕೊನೆಗೆ ಕೈಮುಗಿದಳು. “ನಾನು ಏನೂ ಹೇಳಲ್ಲ. ನಿನ್ನ ಇಷ್ಟ.”

ಮಗಳು ತಲೆ ಬಗ್ಗಿಸಿಯೇ ಕಾದಳು. ಬಹಳ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದಳು. “ನನಗೆ ಏನು ಇಷ್ಟ, ಹೇಳಿ?”

ಸುದ್ದಿ ಕೇಳಿ ದೊಡ್ಡ ಮಗಳು ಗಂಡನ ಮನೆಯಿಂದ ಬಂದಳು. ಬಂದವಳು ತಂಗಿಯ ಗದ್ದ ಎತ್ತಿ ನೋಡಿದಳು, ಕೈ ಬಿಟ್ಟಳು.

“ಅವ್ವ, ನನ್ನದನ್ನ ಅಷ್ಟೊಂದು ಜನ ಉಂಡ್ರು. ಎಷ್ಟು ಬಿಟ್ರೋ ಅಷ್ಟರಲ್ಲಿ ನಾನು ಇದ್ದೀನಿ. ನೀನು ಇವಳಿಗೆ ಒಂದಗುಳೂ ಬಿಡ್ಲಿಲ್ವಾ?”

“ಪ್ರೀತಿಗೆ ಉಂಡೆ ಕಣವ್ವ.”

“ಅವರೂ ಹಂಗೇ ಹೇಳ್ತಾರೆ,” ಎಂದು ದೊಡ್ಡವಳು ಹೊರಟುಹೋದಳು.

ಚಾವಡಿಯ ಜಗಲಿಯ ಮೇಲೆ ಅಕ್ಕಿಯವಳಿಗೆ ಒಂದು ಮಣೆ ಹಾಕಿಸಿದರು. ಹೆಸರುಂಡವಳು, ಗೌರವ ಸಲ್ಲಬೇಕಲ್ಲ! ದೂರು ಕೇಳುವ ದಿನಗಳಲ್ಲಿ ಅವಳು ಬಂದು ಗಂಡಸರ ಸಾಲಿನ ತುದಿಯಲ್ಲಿ ಕೂರಬೇಕು. ಮಗಳು ನೀರಿನ ಚೊಂಬು ಹಿಡಿದು ಹಿಂದೆ ನಿಲ್ಲುವಳು. ಮಿಕ್ಕ ಮನೆಗಳಲ್ಲಿ ಹೆಸರೂಟ ಎಂದಿನಂತೆ ನಡೆದಿತ್ತು. ಅಕ್ಕಿ ಆರಿಸುವುದಕ್ಕೆ ಬೇರೊಬ್ಬಳು ಬಂದಳು.

ಆದರೆ ತೊಟ್ಟಿಲಿಗೆ ಹಾಕದಿದ್ದರೂ ಆ ಮಾತು ಸತ್ತಿರಲಿಲ್ಲ. ಒಲೆಯ ಮುಂದೆ, ಬಾವಿಯ ಕಟ್ಟೆಯ ಮೇಲೆ, ತುಟಿಯ ಒಳಗೇ ಅದು ಓಡಾಡುತ್ತಿತ್ತು. ಒಂದು ದಿನ ಒಬ್ಬ ಹೆಂಗಸು ಹಾಲು ಕುಡಿಯುವ ಹೆಣ್ಣುಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಜಗಲಿಯ ಮುಂದೆ ಬಂದು ನಿಂತಳು.

“ಏನು ಅದರ ಹೆಸರು?”

“ಗಂಡಾಳಿಕೆ.”

ಯಜಮಾನರು ಸಿಟ್ಟಾಗಲಿಲ್ಲ. ಸಾಲಿನ ತುದಿಯ ಕಡೆ ಕೈ ತೋರಿಸಿದರು. “ಅಂಥದ್ದೊಂದು ಈ ಊರಲ್ಲಿ ಇದ್ದಿದ್ರೆ, ಅಗೋ, ಆಯಮ್ಮ ಅಲ್ಲಿ ಕೂರೋಕೆ ಆಗ್ತಿತ್ತಾ? ಅವರನ್ನೇ ಕೇಳು. ಹೇಳಿ ತಾಯಿ, ಇದೆಯಾ ಅಂಥದ್ದು?”

ಎಲ್ಲರೂ ಅಕ್ಕಿಯವಳ ಕಡೆ ತಿರುಗಿದರು. ಅವಳು ಮಗಳ ಕಡೆ ತಿರುಗಿದಳು. ಆ ಮಾತು ಮಗಳದ್ದು, ಹುರಿಗಡಲೆ ಮೆಲ್ಲುತ್ತ ನಗುನಗುತ್ತ ಹುಟ್ಟಿಸಿದ್ದು ಅವಳು.

“ನೀನೇ ಹೇಳವ್ವ,” ಎಂದಳು.

“ಏನಂತ ಹೇಳಲಿ?” ಎಂದಳು ಮಗಳು.

ಇದೆ ಅಂತ ಹೇಳು, ಎನ್ನಬಹುದಿತ್ತು. ಅಂದರೆ ಮಗಳು ತಕ್ಷಣ ಹೇಳುತ್ತಿದ್ದಳು, ಗಟ್ಟಿಯಾಗಿ, ಊರಿಗೆಲ್ಲ ಕೇಳುವ ಹಾಗೆ. ಅಕ್ಕಿಯವಳ ಬಾಯಿಗೆ ಬಂದ ಅಪ್ಪಣೆ ಅಲ್ಲೇ ನಿಂತಿತು. ಅಂದು ತೊಟ್ಟಿಲ ಪಕ್ಕದಲ್ಲಿ ಯಜಮಾನರು ಅರ್ಥ ಕೇಳಿದಾಗ ತಾನು ಅರ್ಧ ಮಾತ್ರ ಹೇಳಿದ್ದೆ ಎಂದು ಅವಳಿಗೆ ಈಗ ಹೊಳೆಯಿತು. ಮಿಕ್ಕ ಅರ್ಧ ತಲೆ ಬಗ್ಗಿಸಿಕೊಂಡು, ಚೊಂಬು ಹಿಡಿದು, ಅವಳ ಮುಂದೆಯೇ ನಿಂತಿತ್ತು.

ಅವಳು ಮಣೆಯಿಂದ ಎದ್ದಳು. ಸಾಲು ಬಿಟ್ಟು, ಜಗಲಿ ಇಳಿದು, ಮಗುವನ್ನು ಎತ್ತಿಕೊಂಡ ಹೆಂಗಸಿನ ಪಕ್ಕದಲ್ಲಿ ಹೋಗಿ ನಿಂತಳು.

“ಇದೆ ಯಜಮಾನ್ರೇ,” ಎಂದಳು. “ನೀವು ಕಲಿಸಿದಿರಿ, ನಾನೂ ಉಂಡೆ. ನನ್ನ ಮಗಳನ್ನ ಕೇಳದೆ ಉಂಡೆ. ಉಂಡೋರು ಹೆಂಗಸಾದ್ರೂ ಅದರ ಹೆಸರು ಅದೇ.”

ಚಾವಡಿಯಲ್ಲಿದ್ದವರೆಲ್ಲ ತಲೆ ಎತ್ತಿ ಅವಳನ್ನೇ ನೋಡಿದರು. ಬಾವಿಯ ಕಡೆಯಿಂದ ಹೆಂಗಸರು ಕೊಡ ಅಲ್ಲಲ್ಲೇ ಬಿಟ್ಟು ಓಡಿ ಬಂದರು. ಮಗಳು ಮಾತ್ರ ತಲೆ ಎತ್ತಲಿಲ್ಲ. ಎತ್ತು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.